ಮೊಬೈಲಿಗೆ ಕಾಣೋ ಮನಿ ವೈಫೈ ಲ್ಯಾಪ್‌ಟಾಪಿಗೆ ಯಾಕ ಕಾಣವಲ್ದು?

ಖಣದ ಮನಿ, ಗುಳೇದಗುಡ್ಡ
ಸೋಮವಾರ, ರಾತ್ರಿ 9:40

ಎಲ್ಲಾರಿಗೂ ಶರಣ್ರಿ.

ನಮ್ಮ ಮನ್ಯಾಗ ಫೈಬರ್ ಕನೆಕ್ಷನ್ ಹಾಕಿಸಿ ಇವತ್ತಿಗೆ ಮೂರು ವಾರ ಆತು. ನನ್ನ ಮೊಬೈಲು, ನಮ್ಮ ಮನಿಯವರ ಮೊಬೈಲು, ಮಗಳ ಟ್ಯಾಬು, ಮೂರೂ ಒಂದೇ ಸಲಕ್ಕ ಹಿಡದಾವ. ಲ್ಯಾಪ್‌ಟಾಪ್ ಒಂದು ಹಿಡೀವಲ್ದು. ಪಾಸ್‌ವರ್ಡ್ ತಪ್ಪಾಗೇತಿ ಅನ್ನೋಣಂದ್ರ ಪಾಸ್‌ವರ್ಡ್ ಕೇಳೋ ತನಕಾನೂ ಹೋಗಂಗಿಲ್ರಿ. ವೈಫೈ ಪಟ್ಟಿಯೊಳಗ ನಮ್ಮ ಮನಿ ಹೆಸರೇ ಬರಂಗಿಲ್ಲ. ಬಾಜೂ ಮನಿಯವರದು, ಎದರಗಿನ ಕಿರಾಣಿ ಅಂಗಡೀದು, ಹಿತ್ತಲದ ಕಡಿಂದ ಎರಡು, ಹಿಂಗ ನಾಕು ಹೆಸರು ಬರ್ತಾವ. ನಮ್ಮದಿಲ್ಲ. ರೌಟರ್ ಬಾಯಿಗೆ ಲ್ಯಾಪ್‌ಟಾಪ್ ಹಿಡಕೊಂಡು ನಿಂತ್ರೂ ಇಲ್ಲ.

ರೌಟರಿನವು ಹೆಸರು ಎರಡು ಅದಾವ. ಒಂದು ಬರೇ ಹೆಸರು, ಇನ್ನೊಂದು ಅದರ ಮುಂದ "5ಜಿ" ಅಂತ. ಮೊಬೈಲಿಗೆ ಎರಡೂ ಕಾಣ್ತಾವ, ಲ್ಯಾಪ್‌ಟಾಪಿಗೆ ಎರಡೂ ಕಾಣಂಗಿಲ್ಲ.

ಈಗ ನನ್ನ ತಲಿ ಕೆಡಿಸಿದ ಸಂಗತಿ. ಒಮ್ಮೊಮ್ಮೆ ಕಾಣತೈತಿ! ಮೊದಲನೇ ವಾರ ಸುಮ್ಮನ ಒದ್ದಾಡಿದೆ. ಆಮ್ಯಾಲ ಗ್ವಾಡಿ ಮ್ಯಾಲಿನ ಕ್ಯಾಲೆಂಡರದಾಗ ಪೆನ್ಸಿಲ್ಲಿಲೆ ಗುರುತು ಹಾಕ್ಕೋತ ಬಂದೆ. 14 ದಿನದಾಗ 4 ದಿನ ಬಂದೈತಿ, 10 ದಿನ ಇಲ್ಲ. ಬಂದ ನಾಕೂ ದಿನ ಕರೆಂಟ್ ಹೋಗಿ ಬಂದ ಮ್ಯಾಲೇ ಬಂದೈತಿ. ಒಮ್ಮೆ ಬಂತಂದ್ರ ಮತ್ತ ಕರೆಂಟ್ ಹೋಗೋ ತನಕ ಒಂದು ತಕರಾರಿಲ್ಲ. ಹಂಗಂತ ಕರೆಂಟ್ ಹೋಗಿ ಬಂದಾಗೆಲ್ಲಾ ಬರ್ತೈತಿ ಅಂತಲೂ ಇಲ್ರಿ. ಹೋದ ಬುಧವಾರ ಮೂರು ಸಲ ಹೋಗಿ ಬಂತು, ಮೂರೂ ಸಲ ನಮ್ಮ ಹೆಸರು ಬರಲಿಲ್ಲ.

ಲ್ಯಾಪ್‌ಟಾಪ್ ನಮ್ಮ ನಾದಿನೀದು. ಆಕಿ ಅಮೇರಿಕಾದಾಗ ಇರ್ತಾಳ, ಹೋದ ದೀಪಾವಳಿಗೆ ಬಂದಾಗ ತನ್ನ ಹಳೇದನ್ನ ನನಗ ಕೊಟ್ಟು ಹೋದ್ಲು. ಎಂಟು-ಒಂಬತ್ತು ವರ್ಷದ್ದು, ವಿಂಡೋಸ್ 10 ಐತಿ. ಮೊಬೈಲ್ ಹಾಟ್‌ಸ್ಪಾಟಿಗೆ ಹಚ್ಚಿದ್ರ ಹತ್ತತೈತಿ. ಒಂದು ರಿಪೇರಿ ಅಂಗಡಿಗೆ ಒಯ್ದಿದ್ದೆ. ಅಲ್ಲಿ ಅವರ ವೈಫೈ ಲಗೂನ ಹಿಡೀತು. ಆದ್ರೂ "ಒಳಗಿನ ವೈಫೈ ಕಾರ್ಡ್ ವೀಕ್ ಆಗೇತಿ, ಹೊಸಾದು ಹಾಕಬೇಕು, 1,800 ರೂಪಾಯಿ ಆಗತೈತಿ" ಅಂದ್ರು. ವೀಕ್ ಆದ ಕಾರ್ಡು ಅವರ ಅಂಗಡ್ಯಾಗ ಹೆಂಗ ಹಿಡೀತು ಅಂತ ಕೇಳೋಕ ನನಗ ಆಗ ಹೊಳೀಲಿಲ್ಲ.

ಇದರ ಹಿಂದ ಯಾಕ ಬಿದ್ದೇನಿ ಅಂದ್ರ, ನಮ್ಮ ಅತ್ತಿಯವರ ಟ್ರಂಕಿನ್ಯಾಗ ಹಳೇ ಖಣ 62 ಸಿಕ್ಕಾವ್ರಿ. ತೇರು, ತುಳಸಿ ಪಾನ, ಸೂಜಿ ಮಲ್ಲಿಗಿ, ಇನ್ನೂ ಕೆಲವಕ್ಕ ಹೆಸರು ಮಾವನವರಿಗೆ ಬಿಟ್ರ ಯಾರಿಗೂ ಗೊತ್ತಿಲ್ಲ. ಅವರಿಗೆ ಈಗ 78. ಒಂದೊಂದರ ಫೋಟೋ ತಗದು, ಬುಟ್ಟಾನ ಚೌಕ ಚೌಕದಾಗ ಲ್ಯಾಪ್‌ಟಾಪಿನ್ಯಾಗ ಬಿಡಿಸಿ, ಅವರು ಹೇಳಿದ ಹೆಸರು ಬರದು ಇಡಾಕತ್ತೇನಿ. ಪುಣೆದಾಗ ಒಬ್ಬರು ಅದರಾಗಿನ ಆರು ನಮೂನಿ ಮತ್ತ ನೇಯಿಸಿ ಕೊಡ್ರಿ ಅಂತ ಕೇಳ್ಯಾರ. ಫೈಲು ದೊಡ್ಡವು, ಮೊಬೈಲ್ ಡೇಟಾದಾಗ ಕಳಸೂದು ಆಗಂಗಿಲ್ಲ. 1,800 ರೂಪಾಯಿ ಅಂದ್ರ ನನಗ ನೂಲಿನ ರೊಕ್ಕ. ಕೊಡೋದೇ ಖರೇ ಅಂದ್ರ ಕೊಡ್ತೇನಿ, ಆದ್ರ ಕೊಟ್ಟ ಮ್ಯಾಲೂ ಹಿಂಗೇ ಆದ್ರ ಏನು ಮಾಡ್ಲಿ? ತಿಳದವರು ಹೇಳ್ರಿ.


ಬನಹಟ್ಟಿ ಪಾವರ್‌ಲೂಮ್
ಸೋಮವಾರ, ರಾತ್ರಿ 10:05

ಅಕ್ಕಾರ, ಏರೋಪ್ಲೇನ್ ಮೋಡ್ ಆನ್ ಆಗಿರಬೇಕು ನೋಡ್ರಿ. ಕೀಬೋರ್ಡಿನ ಮ್ಯಾಲಿನ ಸಾಲಿನ್ಯಾಗ ಟವರ್ ಚಿತ್ರದ ಕೀ ಇರ್ತೈತಿ, ಎಫ್‌ಎನ್ ಕೀ ಜೋಡಿ ಒತ್ತರಿ. ಆಗಲಿಲ್ಲಂದ್ರ ಡ್ರೈವರ್, ಅಂದ್ರ ವೈಫೈ ಕಾರ್ಡ್ ನಡಸೋ ಸಾಫ್ಟ್‌ವೇರ್, ತಗದು ಮತ್ತ ಹಾಕ್ರಿ.


ಖಣದ ಮನಿ, ಗುಳೇದಗುಡ್ಡ
ಸೋಮವಾರ, ರಾತ್ರಿ 10:20

ಏರೋಪ್ಲೇನ್ ಮೋಡ್ ಇದ್ದಿದ್ರ ಬಾಜೂ ಮನಿಯವರದೂ ಕಾಣಬಾರದಾಗಿತ್ತಲ್ರಿ ತಮ್ಮಾ. ಡ್ರೈವರ್ ಅಂತೂ ಎರಡು ಸಲ ತಗದು ಹಾಕೇನಿ, ಏನೂ ಫರಕ್ ಆಗಿಲ್ಲ. ರಾತ್ರಿ ಹೊತ್ತನ್ಯಾಗೂ ಉತ್ತರ ಬರದೀರಿ, ಭಾಳ ಉಪಕಾರ ಆತು.


ಲ್ಯಾಬ್ ಸಹಾಯಕ, ವಿಜಯಪುರ
ಮಂಗಳವಾರ, ಬೆಳಿಗ್ಗೆ 7:15

ಮೇಡಂ, ನಾ ಕಾಲೇಜಿನ ಕಂಪ್ಯೂಟರ್ ಲ್ಯಾಬಿನ್ಯಾಗ ಕೆಲಸ ಮಾಡ್ತೀನಿ. ನಿಮ್ಮ "5ಜಿ" ಹೆಸರು ಕಾಣದಿರೋದಕ್ಕ ಕಾರಣ ಸರಳ ಅದ ಅನಸ್ತದ. ಅದು ಮೊಬೈಲಿನ 5ಜಿ ಅಲ್ರಿ. ರೌಟರ್ ರೇಡಿಯೋ ಅಲೆಯ ಎರಡು ಪಟ್ಟಿಯೊಳಗ ಮಾತಾಡ್ತದ, ಒಂದು 2.4 ಗಿಗಾಹರ್ಟ್ಸ್, ಇನ್ನೊಂದು 5 ಗಿಗಾಹರ್ಟ್ಸ್. ಆ 5 ಅಂತ ಬರದಾರ ಅಷ್ಟ. ಹಳೇ ಅಗ್ಗದ ಲ್ಯಾಪ್‌ಟಾಪಿಗೆ ಭಾಳ ಸಲ 2.4ದ ಕಾರ್ಡ್ ಒಂದೇ ಹಾಕಿರ್ತಾರ. ಅದರ ಕಿವಿಗೆ 5 ಕೇಳಸೋದೇ ಇಲ್ಲ.

ಖಾತ್ರಿ ಮಾಡ್ಕೋಬೇಕಂದ್ರ ಸ್ಟಾರ್ಟ್ ಮೆನು ತಗದು ಕಮಾಂಡ್ ಪ್ರಾಂಪ್ಟ್ ಹುಡುಕರಿ. ಕರೀ ಕಿಟಕಿ ಬರ್ತದ. ಅದರಾಗ ನಾಕು ಶಬ್ದ ಇಂಗ್ಲಿಷಿನ್ಯಾಗ ಹೊಡೀರಿ: ನೆಟ್‌ಶ್ (ಎನ್, ಇ, ಟಿ, ಎಸ್, ಎಚ್), ಡಬ್ಲ್ಯುಲ್ಯಾನ್ (ಡಬ್ಲ್ಯು, ಎಲ್, ಎ, ಎನ್), ಶೋ, ಡ್ರೈವರ್ಸ್. ನಡುವ ಜಾಗ ಬಿಡ್ರಿ, ಎಂಟರ್ ಒತ್ತರಿ. ಬಂದ ಸಾಲಿನ್ಯಾಗ "ರೇಡಿಯೋ ಟೈಪ್ಸ್ ಸಪೋರ್ಟೆಡ್" ಅಂತ ಒಂದು ಇರ್ತದ. ಅದರ ಮುಂದ 802.11 ಜೋಡಿ ಯಾವ್ಯಾವ ಅಕ್ಷರ ಅವ, ಅಷ್ಟು ಬರೀರಿ.

ಇನ್ನೊಂದು. ಮನಿ ಹಳೇದಾ? ಗ್ವಾಡಿ ಮಣ್ಣಿಂದಾ, ಕಲ್ಲಿಂದಾ? ರೌಟರ್ ಎಲ್ಲಿ ಇಟ್ಟಾರ?


ಖಣದ ಮನಿ, ಗುಳೇದಗುಡ್ಡ
ಮಂಗಳವಾರ, ಮಧ್ಯಾಹ್ನ 2:30

ಸರ್, ನೀವು ಹೇಳಿದಂಗ ಹೊಡದೆ. ಆ ಸಾಲಿನ್ಯಾಗ 802.11ಬಿ, 802.11ಜಿ, 802.11ಎನ್ ಅಂತ ಮೂರು ಅದಾವ. ಮತ್ತೇನಿಲ್ಲ.

ಮನಿ ನಮ್ಮ ಮಾವನವರ ಅಪ್ಪಾರು ಕಟ್ಟಿಸಿದ್ದು. ಇಲ್ಲಿನ ಕೆಂಪು ಕಲ್ಲು, ನಡುವ ಮಣ್ಣು ತುಂಬ್ಯಾರ, ಮ್ಯಾಲ ಮಣ್ಣಿನ ಮ್ಯಾಳಿಗಿ. ಗ್ವಾಡಿ ಎಷ್ಟು ದಪ್ಪ ಅಂದ್ರ ನನ್ನ ಮೊಳಗೈ ಪೂರಾ ಹಿಡಿಸಿ ಮ್ಯಾಲ ಒಂದು ಗೇಣು ಉಳೀತೈತಿ, ಈಗ ಅಳದೇ ಬರದೇನಿ. ಪಡಸಾಲಿ ಗ್ವಾಡ್ಯಾಗ ಒಂದು ಗೂಡು ಐತಿ, ಮೊದಲು ಅಲ್ಲಿ ಲ್ಯಾಂಡ್‌ಲೈನ್ ಫೋನ್ ಇರ್ತಿತ್ತು. ಫೈಬರಿನವರು ಅದರಾಗ ರೌಟರ್ ಇಟ್ಟು ಹೋಗ್ಯಾರ. ನಾ ಕೆಲಸ ಮಾಡೋದು ಮಗ್ಗದ ಖೋಲ್ಯಾಗ, ನಡುವ ಎರಡು ಗ್ವಾಡಿ ಬರ್ತಾವ.

ಆದ್ರ ಗ್ವಾಡೀದೇ ತಪ್ಪು ಅಂತ ನನಗ ಅನಸವಲ್ದ್ರಿ. ಗೂಡಿನ ಮುಂದ ನಿಂತ್ರೂ ಕಾಣಂಗಿಲ್ಲಲ್ಲ.


ಲ್ಯಾಬ್ ಸಹಾಯಕ, ವಿಜಯಪುರ
ಮಂಗಳವಾರ, ಸಂಜೆ 6:50

ಬಿ, ಜಿ, ಎನ್ ಇದ್ದು ಎ, ಎಸಿ ಎರಡೂ ಇಲ್ಲಂದ್ರ ಆ ಕಾರ್ಡು 2.4ಕ್ಕ ಮಾತ್ರ. "5ಜಿ" ಹೆಸರು ಅದಕ್ಕ ಯಾವತ್ತೂ ಕಾಣಂಗಿಲ್ಲ, ಅದನ್ನ ಮರೀರಿ. ಕಾರ್ಡು ಕೆಟ್ಟದ ಅಂತ ಅಲ್ಲ, ಅದು ಇರೋದೇ ಹಂಗ.

ಆದ್ರ 2.4ದ ಹೆಸರು ಬಾಜೂಕ ನಿಂತ್ರೂ ಯಾಕ ಕಾಣವಲ್ದು ಅಂಬೋದು ನನಗ ತಿಳೀವಲ್ದು. ಗ್ವಾಡಿ ವಿಚಾರ ಆಮ್ಯಾಲ ನೋಡೂಣು. ಬೆಳಗಾವಿ ಕಾಕಾ ಅವರು ಇದನ್ನ ನೋಡಿದ್ರ ಹೇಳ್ತಾರ.


ಟೆಲಿಫೋನ್ ಲೈನ್ (ನಿವೃತ್ತ), ಶಹಾಪುರ, ಬೆಳಗಾವಿ
ಬುಧವಾರ, ನಸುಕಿನ 5:30

ತಂಗೆವ್ವ, ನಿನ್ನ ಕ್ಯಾಲೆಂಡರ್ ಗುರುತು ಓದಿ ನನಗ ಎಷ್ಟು ಸಂತೋಷ ಆತು ಅಂದ್ರ, ಚಹಾ ಆರಿದ್ರೂ ಲಕ್ಷ್ಯ ಇರಲಿಲ್ಲ. ನಾನು 31 ವರ್ಷ ಲೈನ್ ಮ್ಯಾಲ ಕೆಲಸ ಮಾಡೇನಿ. "ಯಾವಾಗ ಬಂತು, ಯಾವಾಗ ಹೋತು" ಅಂತ ಬರದಿಟ್ಟ ಗಿರಾಕಿ ಹತ್ತು ಮಂದಿ ಸಿಕ್ಕಿದ್ರ ಹೆಚ್ಚು. ಬರದಿಟ್ಟವರ ಮನಿ ಲೈನ್ ಲಗೂ ರಿಪೇರಿ ಆಗತಿತ್ತು.

ನೀ ಬರದಿದ್ದರಾಗ ಮೂರು ಮಾತು ಹಿಡಕೋ. ಕರೆಂಟ್ ಹೋಗಿ ಬಂದ ಮ್ಯಾಲೇ ಬದಲಾಗತೈತಿ. ಅಂಗಡ್ಯಾಗ, ಹಾಟ್‌ಸ್ಪಾಟಿನ್ಯಾಗ ಅದೇ ಕಾರ್ಡು ಬರೋಬ್ಬರಿ ಹಿಡೀತೈತಿ. ಲ್ಯಾಪ್‌ಟಾಪ್ ಅಮೇರಿಕಾದ್ದು. ಈ ಮೂರೂ ಒಂದೇ ಕಡೆ ಬೆರಳು ತೋರಸ್ತಾವ: ನಿನ್ನ ರೌಟರ್ 12 ಇಲ್ಲಾ 13ನೇ ಚಾನೆಲ್ಲಿನ್ಯಾಗ ಕುಂತೈತಿ.

ಬಿಡಿಸಿ ಹೇಳ್ತೇನಿ. 2.4 ಗಿಗಾಹರ್ಟ್ಸ್ ಅನ್ನೋದು ಒಂದು ಓಣಿ ಅಂತ ತಿಳಕೊ, ಅದರಾಗ ಚಾನೆಲ್ ಅನ್ನೋ ಮನಿ ನಂಬರು. ಒಂದನೇ ಚಾನೆಲ್ಲಿನ ನಟ್ಟನಡುವ 2412 ಮೆಗಾಹರ್ಟ್ಸ್, ಅಲ್ಲಿಂದ ಐದೈದು ಏರ್ಕೋತ ಹೋಗಿ 13ನೇದು 2472ಕ್ಕ ಬರ್ತೈತಿ. ನಮ್ಮ ದೇಶದಾಗ ಈ ಪಟ್ಟಿಗೆ 2005ರಾಗ ಲೈಸೆನ್ಸ್ ಬೇಕಿಲ್ಲ ಅಂತ ಮಾಡಿದ್ರು, 13ರ ತನಕ ಬಳಸಬಹುದು. ಅಮೇರಿಕಾದಾಗ ಮಾರೋ ಸಾಮಾನಿಗೆ 11ರ ತನಕ ಅಷ್ಟೇ ಬಿಟ್ಟಿರ್ತಾರ. ಹಳೇ ಕಾರ್ಡುಗಳೊಳಗ ಈ ಮಿತಿ ಕಾರ್ಡಿನೊಳಗೇ ಬರದಿರ್ತೈತಿ. ಅದಕ್ಕ 12, 13 ಅನ್ನೋ ಮನಿ ಇದ್ದದ್ದೇ ಗೊತ್ತಿಲ್ಲ. ಹುಡುಕೋ ಮುಂದ 1ರಿಂದ 11ರ ತನಕ ಬಾಗಲಾ ಬಡದು ತಿರುಗಿ ಬರ್ತೈತಿ. ನೀ ರೌಟರ್ ಮುಂದ ನಿಂತ್ರೇನು, ಅದರ ಮ್ಯಾಲ ಲ್ಯಾಪ್‌ಟಾಪ್ ಇಟ್ರೇನು, ಆ ಬಾಗಲಕ್ಕ ಅದು ಹೋಗಂಗೇ ಇಲ್ಲ. ನಿಮ್ಮ ಮೊಬೈಲು ಇಲ್ಲಿವು, ಇಲ್ಲಿನ ಟವರ್ ನೋಡಿ ದೇಶ ಯಾವುದು ಅಂತ ತಿಳಕೋತಾವ. ಅವಕ್ಕ 13 ಕಾಣತೈತಿ.

ಕರೆಂಟಿಗೂ ಇದಕ್ಕೂ ಏನು ಸಂಬಂಧ ಅಂದ್ರ, ರೌಟರಿನ್ಯಾಗ ಚಾನೆಲ್ "ಆಟೋ" ಅಂತ ಇಟ್ಟಿರ್ತಾರ. ಹಂಗಿದ್ರ ಚಾಲೂ ಆಗೋ ಮುಂದ ಸುತ್ತ ಯಾರ್ಯಾರು ಎಲ್ಲೆಲ್ಲಿ ಮಾತಾಡಾಕತ್ತಾರ ಅಂತ ಕೇಳಿ, ಗದ್ದಲ ಕಡಿಮಿ ಇದ್ದಲ್ಲಿ ಹೋಗಿ ಕುಂದರತೈತಿ. ಓಣಿ ಮಂದಿಯ ರೌಟರ್ ಬಹಳಷ್ಟು 1, 6, 11ರಾಗ ಇರ್ತಾವ, ಅದಕ್ಕ ನಿಂದು 13ರ ಮೂಲಿ ಹಿಡೀತೈತಿ. ನಿಮ್ಮಲ್ಲಿ ಕರೆಂಟ್ ಹೋದಾಗ ರೌಟರ್ ಬಂದ್ ಆಗತೈತಿ, ಬಂದಾಗ ಮತ್ತ ಹೊಸದಾಗಿ ಜಾಗ ಹುಡುಕತೈತಿ. ನಾಕು ದಿನ ಅದು 11ರ ಒಳಗ ಕುಂತಿತ್ತು, ನಿನಗ ಕಂಡಿತು. ಮನ್ಯಾಗ ಇನ್ವರ್ಟರ್ ಇದ್ದಿದ್ರ ಒಂದೇ ಕಡೆ ಕುಂತಿರತಿತ್ತು, ಈ ಸುಳಿವೇ ನಮಗ ಸಿಗತಿರಲಿಲ್ಲ.

ನಾ ಹೇಳಿದೆ ಅಂತ ನಂಬಬ್ಯಾಡ, ಮೊದಲು ನೋಡು. ಮೊಬೈಲಿನ್ಯಾಗ ವೈಫೈ ಅನಲೈಜರ್ ಅಂತ ಸಿಗೋ ಯಾವುದರೆ ಒಂದು ಆ್ಯಪ್ ಹಾಕ್ಕೊ. ಸುತ್ತಿನ ಎಲ್ಲಾ ಹೆಸರು, ಅವುಗಳ ಚಾನೆಲ್ ನಂಬರು ತೋರಸ್ತೈತಿ. ಲ್ಯಾಪ್‌ಟಾಪಿಗೆ ಕಾಣದ ಹೊತ್ತನ್ಯಾಗ ನಿಮ್ಮದು ಎಷ್ಟರಾಗೈತಿ ನೋಡಿ ಬರಕೋ. 12 ಇಲ್ಲಾ 13 ಇದ್ರ ಮುಂದಿನ ಕೆಲಸ ಮಾಡು, ಇಲ್ಲಂದ್ರ ನನಗ ಹೇಳು, ಬ್ಯಾರೆ ಹುಡುಕೂಣು.

ಮುಂದಿನ ಕೆಲಸ ಮೊಬೈಲಿಲೇ ಆಗತೈತಿ. ರೌಟರ್ ತಳಾ ತಿರುವಿದ್ರ ಒಂದು ಚೀಟಿ ಇರ್ತೈತಿ, 192.168.1.1 ಇಲ್ಲಾ ಅದರಂಥಾ ನಂಬರು, ಒಂದು ಹೆಸರು, ಒಂದು ಪಾಸ್‌ವರ್ಡ್. ಮೊಬೈಲು ಮನಿ ವೈಫೈಕ್ಕ ಹಚ್ಚಿ, ಬ್ರೌಸರಿನ ಮ್ಯಾಲ ಆ ನಂಬರು ಹೊಡಿ. ವೈರ್‌ಲೆಸ್ ಅಂತ ಇರೋ ಕಡೆ 2.4ದ ಪುಟ ತಗಿ. ಚಾನೆಲ್ "ಆಟೋ" ಇದ್ದದ್ದನ್ನ 1, 6, 11 ಈ ಮೂರರಾಗ ಒಂದಕ್ಕ ಇಡು. ಓಣ್ಯಾಗ ಯಾವುದು ಖಾಲಿ ಐತಿ ಅಂತ ಆ್ಯಪ್ ಹೇಳತೈತಿ. ಅಗಲ 20 ಮೆಗಾಹರ್ಟ್ಸ್ ಇಡು, 40 ಬ್ಯಾಡ. ಸೆಕ್ಯೂರಿಟಿ ಡಬ್ಲ್ಯುಪಿಎ2 ಇರಲಿ. ಡಬ್ಲ್ಯುಪಿಎ3 ಅನ್ನೋದು 2018ರಾಗ ಬಂದದ್ದು, ಅದೊಂದನ್ನೇ ಇಟ್ರ ನಿನ್ನ ಹಳೇ ಕಾರ್ಡು ಹೆಸರು ಕಂಡ್ರೂ ಒಳಗ ಹೋಗಲಿಕ್ಕಿಲ್ಲ.

3, 4 ಅಂತ ನಡುವಿನ ನಂಬರು ಯಾಕ ಬ್ಯಾಡ ಅಂದ್ರ, ಒಂದು ಮಾತುಕತಿ 20 ಮೆಗಾಹರ್ಟ್ಸ್ ಅಗಲ ಇರ್ತೈತಿ, ನಂಬರಿನ ನಡುವ ಅಂತರ ಐದೇ. ಒಂದೊಂದೂ ಆಜೂಬಾಜೂದವರ ಅಂಗಳಕ್ಕ ಚಾಚಿರ್ತೈತಿ. 1, 6, 11 ಅಷ್ಟೇ ಒಂದಕ್ಕೊಂದು ತಾಗದಂಗ ಕುಂದರತಾವ. ನಡುವ ಕುಂತ್ರ ಎರಡೂ ಕಡಿಯವರ ಗದ್ದಲ ನಿನಗ, ನಿನ್ನ ಗದ್ದಲ ಅವರಿಗೆ.

ಅಂಗಡಿಯವರು ಹೇಳಿದಂಗ ಹೊಸಾ ಕಾರ್ಡು ಹಾಕಿಸಿದ್ರೂ ಇದು ಸರಿ ಹೋಗಬಹುದಿತ್ತು, ಯಾಕಂದ್ರ ಇಲ್ಲಿನ ಕಾರ್ಡಿಗೆ 13 ಕಾಣತೈತಿ. ಅದಕ್ಕೇ ಹಿಂಥಾವು ಎಷ್ಟೋ ಕಡೆ "ಕಾರ್ಡ್ ಕೆಟ್ಟಿತ್ತು" ಅಂತ ಮುಗದು ಹೋಗತಾವ. ಚಲೋ ಕಾರ್ಡು ಕಸದಾಗ ಬೀಳತೈತಿ, ಗಿರಾಕಿ ರೊಕ್ಕ ಹೋಗತೈತಿ. ನನಗ ಇದು ಭಾಳ ಸಂಕಟದ ಮಾತು.


ನವನಗರ, ಬಾಗಲಕೋಟೆ
ಬುಧವಾರ, ಬೆಳಿಗ್ಗೆ 8:10

ಕಾಕಾ, ನಡುವ ಬಾಯಿ ಹಾಕ್ತೇನಿ, ಸಿಟ್ಟಾಗಬ್ಯಾಡ್ರಿ. ನಮ್ಮಲ್ಲಿ ಹೆಸರು ಕಾಣತೈತಿ, ಪಾಸ್‌ವರ್ಡೂ ತಗೋತೈತಿ, ಕನೆಕ್ಟೆಡ್ ಅಂತಲೂ ಬರ್ತೈತಿ. ಆದ್ರ ಒಂದೂ ಸೈಟ್ ತಗಿಯಂಗಿಲ್ಲ. ನಂದೂ ಚಾನೆಲ್ಲಿಂದೇ ಏನ್ರಿ?


ಟೆಲಿಫೋನ್ ಲೈನ್ (ನಿವೃತ್ತ), ಶಹಾಪುರ, ಬೆಳಗಾವಿ
ಬುಧವಾರ, ಬೆಳಿಗ್ಗೆ 9:00

ಅಲ್ಲಪಾ. ಹೆಸರು ಕಾಣದಿದ್ರ ಅದು ರೇಡಿಯೋ ಮಾತು: ಪಟ್ಟಿ, ಚಾನೆಲ್, ದೂರ. ಹೆಸರು ಕಂಡು ಒಳಗ ಬಿಡದಿದ್ರ ಪಾಸ್‌ವರ್ಡು, ಸೆಕ್ಯೂರಿಟಿ. ಒಳಗ ಹೋಗಿ ಏನೂ ತಗೀದಿದ್ರ ರೇಡಿಯೋ ಕೆಲಸ ಮುಗದೈತಿ, ಮುಂದಿನದು ಕೆಟ್ಟೈತಿ. ನಿಂದು ಮೂರನೇದು. ಕನೆಕ್ಷನ್ ವಿವರದಾಗ ಐಪಿ ನಂಬರು ನೋಡು. 169.254 ಅಂತ ಸುರು ಆಗಿದ್ರ ರೌಟರ್ ನಿನ್ನ ಲ್ಯಾಪ್‌ಟಾಪಿಗೆ ವಿಳಾಸ ಕೊಟ್ಟಿಲ್ಲ, ರೌಟರ್ ಬಂದ್ ಮಾಡಿ ಚಾಲೂ ಮಾಡು. ವಿಳಾಸ ಬರೋಬ್ಬರಿ ಇದ್ರ ಮೂಲ್ಯಾಗಿನ ತಾರೀಖು ನೋಡು.


ನವನಗರ, ಬಾಗಲಕೋಟೆ
ಬುಧವಾರ, ಬೆಳಿಗ್ಗೆ 9:25

ಕಾಕಾ, ತಾರೀಖು 2015ನೇ ಇಸವಿ ಐತ್ರಿ! ಸರಿ ಮಾಡಿದ ಕೂಡ್ಲೇ ಎಲ್ಲಾ ಸೈಟ್ ತಗದ್ವು. ವೈಫೈಕ್ಕೂ ತಾರೀಖಿಗೂ ಏನು ಸಂಬಂಧ?


ಟೆಲಿಫೋನ್ ಲೈನ್ (ನಿವೃತ್ತ), ಶಹಾಪುರ, ಬೆಳಗಾವಿ
ಬುಧವಾರ, ಬೆಳಿಗ್ಗೆ 9:40

ವೈಫೈಕ್ಕ ಸಂಬಂಧ ಇಲ್ಲ. ಬೀಗದ ಗುರುತಿನ ಸೈಟುಗಳು ತಮ್ಮ ಪ್ರಮಾಣಪತ್ರ ತೋರಸ್ತಾವ, ಅದಕ್ಕ ಇಂಥಾ ದಿನದಿಂದ ಇಂಥಾ ದಿನದ ತನಕ ಅಂತ ಅವಧಿ ಇರ್ತೈತಿ. 2015ರಾಗ ಕುಂತ ಲ್ಯಾಪ್‌ಟಾಪಿಗೆ ಇವತ್ತಿನ ಪತ್ರ "ಇನ್ನೂ ಸುರು ಆಗಿಲ್ಲ" ಅನಸ್ತೈತಿ. ಬಂದ್ ಮಾಡಿ ಇಟ್ಟಾಗ ತಾರೀಖು ಮತ್ತ ಹಿಂದಕ ಹೋದ್ರ ಒಳಗಿನ ಸಣ್ಣ ಸೆಲ್ ಮುಗದೈತಿ, ಹಾಕಿಸ್ಕೋ. ಈಗ ತಂಗೆವ್ವನ ಸುದ್ದಿ ಬರಲಿ.


ಖಣದ ಮನಿ, ಗುಳೇದಗುಡ್ಡ
ಬುಧವಾರ, ರಾತ್ರಿ 8:55

ಕಾಕಾ, 13!

ಮುಂಜಾನೆ ಆ್ಯಪ್ ಹಾಕ್ಕೊಂಡು ನೋಡಿದೆ. ಬಣ್ಣ ಬಣ್ಣದ ಕಮಾನು ಬಂದ್ವು, ಒಂದರ ಮ್ಯಾಲ ಒಂದು. 1ರಾಗ ಎರಡು, 6ರಾಗ ಕಿರಾಣಿ ಅಂಗಡೀದು ಎತ್ತರಕ್ಕ, 11ರಾಗ ಒಂದು ಸಣ್ಣದು. ಎಲ್ಲಾಕ್ಕಿಂತ ಬಲಕ್ಕ ಒಂಟಿಯಾಗಿ ನಮ್ಮದು, ನಂಬರ್ 13. ಅದನ್ನ ನೋಡಿ ಕಣ್ಣಾಗ ನೀರು ಬಂತು ಅಂದ್ರ ನೀವು ನಂಬಲಿಕ್ಕಿಲ್ಲ. ಮೂರು ವಾರ ನಾ ಏನೋ ತಪ್ಪು ಒತ್ತೇನಿ, ನನ್ನಿಂದೇ ಕೆಟ್ಟೈತಿ ಅಂತ ಅನಕೊಂಡಿದ್ದೆ.

ನೀವು ಹೇಳಿದ್ದರಾಗ 20ರ ಅಗಲ, ಐದರ ಅಂತರ ಅನ್ನೋದು ನನಗ ಹಾಸು ನೆನಸಿಕೊಂಡಾಗ ತಿಳೀತು. ಎಳಿಗೋಳು ಒಂದರ ಮ್ಯಾಲ ಒಂದು ಏರಿದ್ರ ಲಾಳಿ ಹೋಗಂಗಿಲ್ಲ, ಎಳಿ ಹರೀತಾವ. ಎಷ್ಟು ಎಳಿ ಅನ್ನೋದಕ್ಕಿಂತ ನಡುವ ಎಷ್ಟು ಜಾಗ ಬಿಟ್ಟೀವಿ ಅನ್ನೋದು ಮುಖ್ಯ.

ರೌಟರ್ ಗೂಡಿಂದ ಹೊರಗ ತಗದು ತಿರುವಿದೆ. ಚೀಟಿ ಅಕ್ಷರ ಸಣ್ಣವು, ಮಾವನವರು ಎಳಿ ನೋಡೋ ಬೂದಗಾಜು ತಂದು ಕೊಟ್ರು, ಅದರಾಗ ಓದಿದೆ. ಒಳಗ ಹೋಗಿ 2.4ದ ಪುಟ ತಗದೆ. ಚಾನೆಲ್ ಆಟೋ ಇತ್ತು, 11 ಮಾಡಿದೆ. ಅಗಲ 20/40 ಅಂತ ಇತ್ತು, 20 ಮಾಡಿದೆ. ಸೆಕ್ಯೂರಿಟಿ ಡಬ್ಲ್ಯುಪಿಎ2 ಮೊದಲೇ ಇತ್ತು. ಸೇವ್ ಒತ್ತಿದ ಮ್ಯಾಲ ಮೊಬೈಲಿನ ವೈಫೈ ಒಮ್ಮೆ ಹೋತು, ಎದಿ ಧಸಕ್ ಅಂತು. ಅರ್ಧ ನಿಮಿಷದಾಗ ತಿರುಗಿ ಬಂತು. ಮಗ್ಗದ ಖೋಲಿಗೆ ಓಡಿ ಹೋಗಿ ಲ್ಯಾಪ್‌ಟಾಪ್ ನೋಡಿದ್ರ ಪಟ್ಟಿಯೊಳಗ ಮೂರನೇ ಸಾಲಿನ್ಯಾಗ ನಮ್ಮ ಮನಿ ಹೆಸರು. ಪಾಸ್‌ವರ್ಡ್ ಹಾಕಿದೆ, ಹತ್ತಿತು.

ಖರೇ ಅದೇ ಕಾರಣಾ ಅಂತ ನೋಡಲಿಕ್ಕ ಮತ್ತ 13 ಮಾಡಿದೆ. ಹೋತು. 11 ಮಾಡಿದೆ. ಬಂತು. ಮೂರು ಸಲ ಹಂಗ ಮಾಡಿ ನೋಡಿದೆ.

ವಿಜಯಪುರದ ಸರ್, ಈಗ ನಿಮ್ಮ ಗ್ವಾಡಿ ಮಾತು. ಖೋಲ್ಯಾಗ ಎರಡು ಗೆರಿ ಅಷ್ಟೇ ಬರ್ತಾವ, 40 ಎಂಬಿ ಫೈಲು ಏರಸೋದಕ್ಕ ಏಳು ನಿಮಿಷ ಹತ್ತಿತು. ಏನು ಮಾಡಬೇಕ್ರಿ?


ಲ್ಯಾಬ್ ಸಹಾಯಕ, ವಿಜಯಪುರ
ಗುರುವಾರ, ಬೆಳಿಗ್ಗೆ 7:00

ಕಾಕಾ ಅವರಿಗೆ ನಮಸ್ಕಾರ. ನಾ ಗ್ವಾಡಿ ಕಡೆ ನೋಡಿಕೋತ ಕುಂತಿದ್ದೆ, ಅಮೇರಿಕಾ ಅಂತ ಬರದದ್ದು ಕಣ್ಣ ಮುಂದೇ ಇತ್ತು.

ಮೇಡಂ, ರೌಟರ್ ಗೂಡಿನ್ಯಾಗ ಬ್ಯಾಡ. ಅಲ್ಲಿ ಅದರ ಮೂರು ಕಡೆ ಕಲ್ಲು, ಮ್ಯಾಲ ಕಲ್ಲು, ತೆರದ ಬಾಯಿ ಒಂದೇ. ಕಲ್ಲು ಮಣ್ಣಿನ ಗ್ವಾಡಿ ಈ ಅಲೆ ನುಂಗತದ, ಮಳಿಗಾಲದಾಗ ಮಣ್ಣು ತೇವ ಹಿಡದ್ರ ಇನ್ನಷ್ಟು ನುಂಗತದ. ನಿಮ್ಮ ಮೊಬೈಲಿಗೂ ಖೋಲ್ಯಾಗ 5ರ ಹೆಸರು ಹತ್ತಿ ಬಿಟ್ಟು ಮಾಡ್ತಿರಬೇಕು. 5ರ ಅಲೆ 2.4ರ ಅಲೆಗಿಂತ ಅರ್ಧ ಗಿಡ್ಡ, ದಪ್ಪ ಗ್ವಾಡ್ಯಾಗ ಅದು ಮೊದಲು ಸೋಲ್ತದ. ರೌಟರ್ ಪಡಸಾಲಿ ಬಾಗಲದ ಎದರಿಗೆ, ಎದಿ ಎತ್ತರಕ್ಕ, ಖೋಲಿ ಬಾಗಲಾ ಕಾಣೋ ಹಂಗ ಇಡ್ರಿ. ಬಾಗಲದಾಗ ಗ್ವಾಡಿ ಇರಂಗಿಲ್ಲಲ್ಲ, ಅಲೆ ಅಲ್ಲಿಂದೇ ಒಳಗ ಬರ್ತದ. ಆದ್ರ ಫೈಬರ್ ತಂತಿ ಮಡಚಬ್ಯಾಡ್ರಿ. ಅದರೊಳಗ ಗಾಜಿನ ಎಳಿ ಅದ, ಮೂಲಿ ಮುರದಂಗ ಬಾಗಿಸಿದ್ರ ಬೆಳಕು ಸೋರ್ತದ.

ದಿನಾ ಒಂದೇ ಜಾಗದಾಗ ಕೂತು ಕೆಲಸ ಮಾಡೋದಾದ್ರ ನನ್ನ ಮಾತು ಕೇಳ್ರಿ, ಲ್ಯಾನ್ ಕೇಬಲ್ ಎಳಕೊಳ್ರಿ. ಕ್ಯಾಟ್ 5ಇ ಅಂತ ಕೇಳ್ರಿ. 100 ಮೀಟರ್ ತನಕ ನಡೀತದ, ನಿಮಗ 15 ಮೀಟರ್ ಸಾಕು. ನಿಮ್ಮ ಲ್ಯಾಪ್‌ಟಾಪಿನ ಬಾಜೂಕ ಟೆಲಿಫೋನ್ ಪಿನ್ನಿಗಿಂತ ಸ್ವಲ್ಪ ಅಗಲದ ತೂತು ಅದ ಏನು ನೋಡ್ರಿ. ಇದ್ರ ಬ್ಯಾರೆ ಏನೂ ಬ್ಯಾಡ.


ಟೆಲಿಫೋನ್ ಲೈನ್ (ನಿವೃತ್ತ), ಶಹಾಪುರ, ಬೆಳಗಾವಿ
ಗುರುವಾರ, ಬೆಳಿಗ್ಗೆ 7:30

ಕೇಬಲ್ ಮಾತು ಬರೋಬ್ಬರಿ. ತಂಗೆವ್ವ, ಇನ್ನೊಂದು ಕೆಲಸ ಮರೀಬ್ಯಾಡ. ರೌಟರ್ ಚೀಟಿ ಮ್ಯಾಲಿನ ಪಾಸ್‌ವರ್ಡ್ ಬದಲು ಮಾಡಿ, ಹೊಸದನ್ನ ನಿನ್ನ ಲೆಕ್ಕದ ವಹಿಯೊಳಗ ಬರದಿಡು. ಫೈಬರಿನವರು ಬಂದು ಏನರೆ ರಿಪೇರಿ ಮಾಡಿ ರೀಸೆಟ್ ಒತ್ತಿದ್ರ ಚಾನೆಲ್ ಮತ್ತ ಆಟೋಕ್ಕ ಹೋಗತೈತಿ. ಆಗ ಗಾಬರಿ ಆಗಬ್ಯಾಡ, 11 ಮಾಡು.


ಖಣದ ಮನಿ, ಗುಳೇದಗುಡ್ಡ
ಮರು ಶನಿವಾರ, ಸಂಜೆ 7:20

ಹತ್ತು ದಿನ ಬಿಟ್ಟು ಬರಿಯಾಕತ್ತೇನಿ, ಪೂರಾ ನೋಡಿ ಬರೀಬೇಕು ಅಂತ ತಡದಿದ್ದೆ. ಈ ಹತ್ತು ದಿನದಾಗ ಕರೆಂಟ್ 9 ಸಲ ಹೋಗಿ ಬಂದೈತಿ, ಕ್ಯಾಲೆಂಡರದಾಗ ಗುರುತು ಹಾಕೇನಿ. 9 ಸಲವೂ ಲ್ಯಾಪ್‌ಟಾಪಿಗೆ ವೈಫೈ ತಾನೇ ಹತ್ತೈತಿ.

ರೌಟರ್ ಗೂಡಿಂದ ತಗದು ಪಡಸಾಲಿ ಕಂಬಕ್ಕ ಒಂದು ಹಲಗಿ ಬಡದು ಅದರ ಮ್ಯಾಲ ಇಟ್ಟೇವಿ, ಮಗ್ಗದ ಖೋಲಿ ಬಾಗಲಾ ನೇರ ಕಾಣತೈತಿ. ಎರಡು ಗೆರಿ ಇದ್ದದ್ದು ಮೂರಾದ್ವು, ಏಳು ನಿಮಿಷದ ಫೈಲು ಎರಡೂವರಿ ನಿಮಿಷಕ್ಕ ಬಂತು. ನಿನ್ನೆ ಕೇಬಲ್ಲೂ ತರಿಸಿದೆ. ಲ್ಯಾಪ್‌ಟಾಪಿಗೆ ಆ ಅಗಲದ ತೂತು ಐತಿ, ಅದಕ್ಕ ಸಣ್ಣ ಮುಚ್ಚಳ ಇತ್ತು, ಇಷ್ಟು ದಿನ ನಾ ನೋಡೇ ಇರಲಿಲ್ಲ. ಈಗ ಫೈಲು ಏರಿಸಿ ಒಂದು ಲಾಳಿ ತುಂಬಸೋದ್ರಾಗ ಮುಗದಿರ್ತೈತಿ.

62ರಾಗ 27 ಬಿಡಿಸಿ ಮುಗಿಸೇನಿ, ಪುಣೆಯವರು ಕೇಳಿದ ಆರೂ ಹೋಗ್ಯಾವ. 1,800 ರೂಪಾಯಿದಾಗ ಕೇಬಲ್ಲಿನ ರೊಕ್ಕ ತಗದು ಉಳದದ್ದಕ್ಕ ನೂಲು ತಂದೇನಿ. ಮಾವನವರು ಮೊದಲನೇ ನಮೂನಿ ಮಗ್ಗಕ್ಕ ಏರಿಸ್ಯಾರ.

ಕೇಬಲ್ ಎಳಿಯೋರಿಗೆ ಒಂದು ಮಾತು. ನಾವು ಮೊದಲು ಬೆಳಕಿಂಡಿ ಹಾದಿಲೆ ತರೂಣು ಅಂತ ಮಾಡಿದ್ವಿ. ಮಣ್ಣಿನ ಮ್ಯಾಳಿಗಿಯಾಗ ತಂತಿ ಗುಂಟ ಮಳಿ ನೀರು ಒಳಗ ಇಳೀತೈತಿ ಅಂತ ಮಾವನವರು ಬ್ಯಾಡ ಅಂದ್ರು. ಬಾಗಲ ಚೌಕಟ್ಟಿನ ಗುಂಟ ತಂದು, ಹೊಸ್ತಿಲ ಬಾಜೂಕ ಒಂದು ಸಣ್ಣ ಬಿದರಿನ ಕೊಳವಿಯೊಳಗ ತೂರಿಸಿ ಕೆಳಗಿಂದ ದಾಟಿಸೇವಿ. ಕಾಲಿಗೂ ತೊಡಕಂಗಿಲ್ಲ, ಇಲಿಗೂ ಸಿಗಂಗಿಲ್ಲ.